ರಟ್ಟಿನ ಚೂರುಗಳು

ಬೇಸ್‌ಬಾಲ್ ಆಟವನ್ನು ನಾನು ಕಣ್ಣಾರೆ ಕಂಡವನಲ್ಲ. ಆದರೂ ಅಮೆರಿಕದ ಜನರು ಆ ಆಟಗಾರರ ಹಳೆಯ ಚಿತ್ರಗಳನ್ನು ಕೂಡಿಡುವ ವೃತ್ತಾಂತವು ನನ್ನ ಮನಸ್ಸನ್ನು ಬಹುಕಾಲದಿಂದ ಸೆಳೆದಿದೆ. ಇವು ಹುಟ್ಟಿದುದು ಕಲೆಗಾಗಿಯಲ್ಲ. ಸಿಗರೇಟಿನ ಪೊಟ್ಟಣವು ಜಜ್ಜಿಹೋಗದಂತೆ ಒಳಗಿಡುತ್ತಿದ್ದ ರಟ್ಟಿನ ಮೇಲೆ ವರ್ತಕರು ಚಿತ್ರವನ್ನು ಅಚ್ಚೊತ್ತಿಸಿದರು, ಗಿರಾಕಿಗಳು ಮರಳಿ ಬರಲೆಂದು! 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೋ ಕಂಪೆನಿಯು ಹೊರಡಿಸಿದ ಮಾಲೆಯಲ್ಲಿ ಹೋನಸ್ ವ್ಯಾಗ್ನರನ ಚಿತ್ರವು ಬೇಗನೆ ನಿಂತುಹೋಯಿತು. ಕಾರಣವನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳುವರು. ಉಳಿದಿರುವುವು ಕೆಲವೇ ಡಜನುಗಳು. ಅವುಗಳಲ್ಲೊಂದು 2022ರಲ್ಲಿ 72 ಲಕ್ಷ ಡಾಲರಿಗೂ ಮಿಗಿಲಾಗಿ ಮಾರಾಟವಾಯಿತು.

ಹಣದ ಮಾತು ಅಷ್ಟಿರಲಿ. ನನಗೆ ಮೆಚ್ಚಾದವನು ಜೆಫರ್ಸನ್ ಬರ್ಡಿಕ್. ಸಿರಕ್ಯೂಸ್ ನಗರದ ಕಾರ್ಖಾನೆಯೊಂದರ ಸಾಮಾನ್ಯ ನೌಕರನಾಗಿದ್ದ ಆತನು ಸಂಧಿವಾತದಿಂದ ನರಳುತ್ತಲೇ ಮೂರು ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ಸಂಗ್ರಹಿಸಿದನು. ಆಟಗಾರರವಷ್ಟೇ ಅಲ್ಲ, ಹಕ್ಕಿಗಳವು, ನಟಿಯರವು ಕೂಡ. ಅವುಗಳನ್ನು ವರ್ಗೀಕರಿಸಿ ಪಟ್ಟಿಯನ್ನೂ ಅಚ್ಚುಹಾಕಿಸಿದನು. ವ್ಯಾಗ್ನರನಿರುವ ಆ ಮಾಲೆಯನ್ನು ಇಂದಿಗೂ ‘ಟಿ 206’ ಎಂದು ಕರೆಯುವುದು ಆತನ ಪಟ್ಟಿಯಿಂದಲೇ. 1947ರಿಂದ ಈ ಸಂಗ್ರಹವೆಲ್ಲವನ್ನೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸತೊಡಗಿ, ಅಲ್ಲಿಯೇ ಕುಳಿತು, ಮುರುಟಿದ ಬೆರಳುಗಳಿಂದ ಆಲ್ಬಮ್ಮುಗಳಲ್ಲಿ ಅಂಟಿಸುತ್ತ ಬಂದನು. ಅಂಟು ತಗಲಿದ ಚಿತ್ರಕ್ಕೆ ಪೇಟೆಯಲ್ಲಿ ಬೆಲೆ ಇಳಿಯುವುದೆಂದು ಇಂದಿನ ಸಂಗ್ರಾಹಕರು ಹೌಹಾರುವರು. ಮಾರುವ ಯೋಚನೆಯೇ ಇಲ್ಲದವನಿಗೆ ಅದರ ಗೊಡವೆಯೇಕೆ? ಹರಾಜಿನ ಕೂಗಿಗಿಂತ ಆ ಅಂಟಿನ ಕಲೆಯೇ ನನಗೆ ಹೆಚ್ಚಿನದಾಗಿ ತೋರುವುದು.

ಕೊನೆಯ ಚಿತ್ರವನ್ನು ಅಂಟಿಸಿದುದು 1963ರ ಜನವರಿಯಲ್ಲಿ. ಮಾರ್ಚಿ ತಿಂಗಳಲ್ಲಿ ಆತನು ತೀರಿಕೊಂಡನು.