ಎರಡು ತಂತಿ ಸಡಿಲಿಸಿ

ಕೃತಿಯ ಪಕ್ಕದಲ್ಲಿ 1915 ಎಂಬ ಇಸವಿ ಕಂಡರೆ ಸಾಕು, ಸಂಗೀತ ವಿಮರ್ಶಕರ ಮೂಗಿಗೆ ಮದ್ದುಗುಂಡಿನ ವಾಸನೆ ಬಡಿಯುತ್ತದೆ. ಹಂಗೇರಿಯ ಝೋಲ್ಟಾನ್ ಕೊಡಾಯ್ ಒಂಟಿ ಸೆಲ್ಲೋಗೆಂದು ಬರೆದ ಸೊನಾಟಾಕ್ಕೂ ಅದೇ ಗತಿ. ಮೊದಲ ಮಹಾಯುದ್ಧದ ನಡುವೆ ಹುಟ್ಟಿದ್ದು, ಮಂದ್ರದಲ್ಲಿ ಗುಡುಗುತ್ತದೆ, ಅಂದಮೇಲೆ ಯುದ್ಧದ ಆಕ್ರಂದನವೇ ಇರಬೇಕು! ಮೂರನೆಯ ಭಾಗದಲ್ಲಿ ಹಳ್ಳಿಯ ಕುಣಿತ ಧೂಳೆಬ್ಬಿಸುವ ಹೊತ್ತಿಗೆ ಈ ಮಹನೀಯರು ಎದ್ದು ಹೋಗಿರುತ್ತಾರೋ ಏನೋ.

ಆ ಗುಡುಗಿನ ಗುಟ್ಟು ಬಿರಡೆಯಲ್ಲಿದೆ. ಸೆಲ್ಲೋದ ನಾಲ್ಕು ತಂತಿಗಳಲ್ಲಿ ಮಂದ್ರದ ಎರಡನ್ನೂ ಅರ್ಧ ಸ್ವರ ಇಳಿಸಬೇಕು: ಸಿ ಹೋಗಿ ಬಿ, ಜಿ ಹೋಗಿ ಎಫ್ ಶಾರ್ಪ್. ಪಕ್ಕದ ಡಿ ತಂತಿಯೂ ಸೇರಿದರೆ ಬೆರಳೂರದೆಯೇ ಬಿ ಮೈನರ್ ಮೊಳಗುತ್ತದೆ. ಬಲಗೈ ಕಮಾನು ಎಳೆಯುತ್ತಿರುವಾಗಲೇ ಎಡಗೈ ಬೆರಳು ಇನ್ನೊಂದು ತಂತಿಯನ್ನು ಮೀಟುತ್ತದೆ. ಕಣ್ಣು ಮುಚ್ಚಿ ಕೇಳಿದವರು ವೇದಿಕೆಯಲ್ಲಿ ಇಬ್ಬರಾದರೂ ಇದ್ದಾರೆಂದು ಆಣೆ ಮಾಡಿಯಾರು. ನಾದ ಹಿಂದಿನ ಸಾಲಿಗೂ ತಲುಪಲೆಂದು ಮೈಸೂರಿನ ಚೌಡಯ್ಯನವರು ಪಿಟೀಲಿನ ತಂತಿಗಳನ್ನು ಏಳಕ್ಕೇರಿಸಿದರು. ಕೊಡಾಯ್ ಇದ್ದ ನಾಲ್ಕರಲ್ಲೇ ಎರಡನ್ನು ಸಡಿಲಿಸಿ ಸುಮಾರು ಅರ್ಧ ಗಂಟೆ ಸಂಸಾರ ತೂಗಿಸಿದ.

1918ರಲ್ಲಿ ಇದನ್ನು ಮೊದಲು ನುಡಿಸಿದವನು ಯೆನೋ ಕೆರ್ಪೆಯ್. ಆದರೆ ಈ ಸೊನಾಟಾ ಎಂದೊಡನೆ ನೆನಪಾಗುವ ಹೆಸರು ಯಾನೋಶ್ ಸ್ಟಾರ್ಕರ್.

1924ರಲ್ಲಿ ಬುಡಾಪೆಸ್ಟ್‌ನ ಯಹೂದಿ ಮನೆಯಲ್ಲಿ ಹುಟ್ಟಿದ ಸ್ಟಾರ್ಕರ್‌ಗೆ ಯುದ್ಧ ಎಂದರೇನೆಂದು ಯಾವ ವಿಮರ್ಶಕನೂ ಹೇಳಿಕೊಡಬೇಕಿರಲಿಲ್ಲ. ಚೆಪೆಲ್ ದ್ವೀಪದ ಶಿಬಿರದಲ್ಲಿ ಬಂದಿಯಾಗಿದ್ದವನು ಅವನು. ಪಿಟೀಲು ನುಡಿಸುತ್ತಿದ್ದ ಅಣ್ಣಂದಿರಿಬ್ಬರನ್ನೂ ನಾಜಿಗಳು ಕೊಂದರು. ಅಂಥವನು ವೇದಿಕೆಯಲ್ಲಿ ಮುಖದ ಒಂದು ಗೆರೆಯನ್ನೂ ಅಲ್ಲಾಡಿಸುತ್ತಿರಲಿಲ್ಲ. ಕಮಾನಿನ ಜತೆಗೆ ಹುಬ್ಬನ್ನೂ ಕುಣಿಸುವ ಕಲಾವಿದರನ್ನು ಕಂಡರೆ ಅವನಿಗಾಗದು. ಸಿಗರೇಟಿನ ವಿಷಯದಲ್ಲಿ ಮಾತ್ರ ಈ ಸಂಯಮ ನಡೆಯಲಿಲ್ಲ. ತೆರೆಮರೆಯಲ್ಲಿ ಸೇದಬಾರದೆಂದದ್ದಕ್ಕೆ ಕಛೇರಿಯನ್ನೇ ಬಿಟ್ಟು ಹೊರಟುಹೋದದ್ದುಂಟು.

ಅವನ ಸೊನಾಟಾ ಮುದ್ರಿಕೆಗೆ 1948ರಲ್ಲಿ ಫ್ರಾನ್ಸಿನ ಗ್ರಾಂ ಪ್ರಿ ದ್ಯು ದಿಸ್ಕ್ ಪ್ರಶಸ್ತಿ ಬಂತು. ಆಮೇಲೆ ಅಮೆರಿಕದಲ್ಲಿ ಮತ್ತೊಮ್ಮೆ ನುಡಿಸಿದಾಗ ಧ್ವನಿಮುದ್ರಣಕ್ಕೆ ಕೂತವನು ಪೀಟರ್ ಬಾರ್ಟೋಕ್. ಕೊಡಾಯ್ ಜತೆ ಹಳ್ಳಿಹಾಡು ಸಂಗ್ರಹಿಸಿದ ಬೆಲಾ ಬಾರ್ಟೋಕ್‌ನ ಮಗ. ಮೈಕು ಎಷ್ಟು ಹತ್ತಿರವೆಂದರೆ ಕಮಾನು ತಂತಿಯನ್ನು ಕಚ್ಚುವ ಕರಕರವೂ ಕೇಳುತ್ತದೆ.

ಹದಿನೈದರ ಹುಡುಗನಾಗಿದ್ದಾಗಲೇ ಸ್ಟಾರ್ಕರ್ ಈ ಸೊನಾಟಾವನ್ನು ಕೊಡಾಯ್ ಎದುರು ನುಡಿಸಿದ್ದ. ಸ್ಟಾರ್ಕರ್ ಹೇಳುತ್ತಿದ್ದ ಪ್ರಕಾರ, ಯಜಮಾನ ಆಡಿದ್ದು ನಾಲ್ಕೇ ಮಾತು: ಮೊದಲ ಭಾಗ ವೇಗ ಹೆಚ್ಚಾಯಿತು, ಎರಡನೆಯದು ಸರಿ, ಮೂರನೆಯದನ್ನು ತುಂಡು ತುಂಡು ಮಾಡಬೇಡ, ಶುಭರಾತ್ರಿ. ಎಷ್ಟೋ ವರ್ಷಗಳ ಮೇಲೆ, ಸಾಯುವ ಸ್ವಲ್ಪ ಮುಂಚೆ, ಕೊಡಾಯ್ ಇನ್ನೊಂದು ತಿದ್ದುಪಡಿ ಸೂಚಿಸಿದ. ಅದೂ ಮೂರನೆಯ ಭಾಗದಲ್ಲಿ ನಡೆ ನಿಧಾನಿಸುವ ಒಂದು ಜಾಗದ ಬಗ್ಗೆಯೇ.