ಸತ್ತ ಮೀನಿನ ಮನಸ್ಸು

ಮೆದುಳಿನ ಚಿತ್ರ ತೆಗೆದು ಮನುಷ್ಯನ ಮನಸ್ಸನ್ನು ಅರಿಯಬಯಸುವ ವಿಜ್ಞಾನಿಗಳು ವರ್ಷಕ್ಕೊಮ್ಮೆ ಒಂದೆಡೆ ಸೇರುವ ಪರಿಪಾಠ 1995ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲಾಯಿತು. ಅಲ್ಲಿ ಕಿರಿಯರಿಗೆ ಪಾಠಗಳುಂಟು, ಹಿರಿಯರ ಉಪನ್ಯಾಸಗಳುಂಟು. ಆದರೆ 2009ರ ಸಾನ್ ಫ್ರಾನ್ಸಿಸ್ಕೊ ಸಭೆಯಲ್ಲಿ ಎಲ್ಲರಿಗೂ ಪಾಠ ಹೇಳಿದ್ದು ಒಂದು ಮೀನು.

ಕ್ರೇಗ್ ಬೆನೆಟ್ ಮತ್ತು ಅವರ ಸಂಗಡಿಗರು ಸಾಲ್ಮನ್ ಮೀನೊಂದನ್ನು ಎಂ.ಆರ್.ಐ. ಯಂತ್ರದೊಳಗೆ ಮಲಗಿಸಿ, ಅದಕ್ಕೆ ಮನುಷ್ಯರ ಚಿತ್ರಗಳನ್ನು ತೋರಿಸಿ, ಇವರ ಮನಸ್ಸಿನಲ್ಲಿರುವ ಭಾವವೇನೆಂದು ಕೇಳಿದ್ದರು. ಮೀನು ಸತ್ತಿತ್ತು. ಇದನ್ನು ಬಿಡಿಸಿ ಹೇಳಲೇಬೇಕು. ಏಕೆಂದರೆ ಲೆಕ್ಕ ಮುಗಿದಾಗ ಅದರ ಮೆದುಳಿನಲ್ಲಿ ಕೆಂಪು ಚುಕ್ಕೆಗಳು ಬೆಳಗಿದ್ದವು!

ಯಂತ್ರ ಸುಳ್ಳಾಡಿರಲಿಲ್ಲ. ಚಿತ್ರವನ್ನು ಸಾವಿರಾರು ಪುಟ್ಟ ಮನೆಗಳಾಗಿ ವಿಂಗಡಿಸಿ, ಒಂದೊಂದನ್ನೂ ಬೇರೆಬೇರೆಯಾಗಿ ಪರೀಕ್ಷಿಸುವುದು ಈ ಶಾಸ್ತ್ರದ ಕ್ರಮ. ಸಾವಿರ ಸಲ ಕವಡೆ ಎಸೆದವನಿಗೆ ಕೆಲವು ಸಲವಾದರೂ ಬೇಕಾದ ಗರ ಬೀಳದಿದ್ದೀತೆ? ಎಷ್ಟು ಸಲ ಎಸೆದೆವೆಂಬುದನ್ನೂ ಲೆಕ್ಕಕ್ಕೆ ಹಿಡಿದೊಡನೆ ಚುಕ್ಕೆಗಳು ಮಾಯವಾದವು. ಈ ತಿದ್ದುಪಡಿಯ ವಿಧಾನ ವಿದ್ವಾಂಸರಿಗೆ ತಿಳಿಯದ್ದೇನಲ್ಲ. ಆದರೂ ಅದನ್ನು ಕೈಬಿಟ್ಟು ಅಚ್ಚಾಗುತ್ತಿದ್ದ ಪ್ರಬಂಧಗಳು ಆಗ ಕಡಿಮೆಯಿರಲಿಲ್ಲ. ಭಯದ ನೆಲೆ ಇಲ್ಲಿ, ಪ್ರೀತಿಯ ನೆಲೆ ಅಲ್ಲಿ ಎಂದು ಬೆರಳಿಟ್ಟು ತೋರಿಸಿದ ಚುಕ್ಕೆಗಳಲ್ಲಿ ಎಷ್ಟು ಮನುಷ್ಯರವು, ಎಷ್ಟು ಮೀನಿನವು?

ನಗಿಸಿ, ಆಮೇಲೆ ಚಿಂತಿಸುವಂತೆ ಮಾಡುವ ಸಂಶೋಧನೆಗೆ ಸಲ್ಲುವ ಇಗ್ ನೊಬೆಲ್ ಪಾರಿತೋಷಕ 2012ರಲ್ಲಿ ಈ ಪ್ರಯೋಗಕ್ಕೆ ದೊರೆಯಿತು. ಅದಕ್ಕೂ ಮೊದಲೇ ನಗು ತನ್ನ ಕೆಲಸ ಮಾಡತೊಡಗಿತ್ತು. ತಿದ್ದುಪಡಿಯಿಲ್ಲದ ಲೆಕ್ಕವನ್ನು ಒಪ್ಪಿಸಹೊರಟ ತರುಣ ಸಂಶೋಧಕನಿಗೆ ಗ್ರಂಥದ ಪುಟ ತೆರೆದು ತೋರಿಸುವ ಅಗತ್ಯ ಉಳಿಯಲಿಲ್ಲ. ಮೀನಿನ ಹೆಸರೆತ್ತಿದರೆ ಸಾಕಾಗುತ್ತಿತ್ತು.