ಸ್ವಂತದ ಅಂಚೆಮನೆ

ಅಂಚೆಯೆಂಬುದು ವಿಶ್ವಾಸದ ತಳಹದಿಯ ಮೇಲೆ ನಿಂತ ವ್ಯವಸ್ಥೆ. ಬರೆದವನ ಮತ್ತು ಓದುವವನ ನಡುವೆ ಮೂರನೆಯವನು ಕಾಗದವನ್ನು ಒಡೆದು ನೋಡಲಾರನೆಂಬ ನಂಬಿಕೆಯೇ ಅದರ ಜೀವಾಳ. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ಜಾಲದ ಮೂಲಕ ಒಂದು ಗಣಕಯಂತ್ರದಿಂದ ಇನ್ನೊಂದಕ್ಕೆ ಸಂದೇಶ ಕಳುಹಿಸಿದ ತರುವಾಯ ಬೆಳೆದು ಬಂದ ಇ-ಮೇಲಿಗೂ ಇದೇ ನಂಬಿಕೆ ಆಧಾರ. ಇಂದು ಬಹುಮಂದಿಯ ಪತ್ರಗಳು ಬೃಹತ್ ಕಂಪನಿಗಳ ಉಗ್ರಾಣದಲ್ಲಿರುತ್ತವೆ. ಆದರೂ ತಮ್ಮ ಪತ್ರಗಳು ತಮ್ಮ ಅಂಕೆಯಲ್ಲಿಯೇ ಇರಲೆಂದು ಸ್ವಂತ ಸರ್ವರ್ ನಡೆಸುವ ಸಂಸ್ಥೆಗಳುಂಟು. 1998ರಲ್ಲಿ ಹೊರಬಂದ ಪೋಸ್ಟ್‌ಫಿಕ್ಸ್ ಪತ್ರಗಳನ್ನು ಸಾಗಿಸುತ್ತದೆ. 2002ರಲ್ಲಿ ಹೊರಬಂದ ಡವ್‌ಕಾಟ್ ಅವನ್ನು ಓದುವವನ ಕೈಗೊಪ್ಪಿಸುತ್ತದೆ. ಎರಡೂ ಉಚಿತವಾಗಿ ದೊರೆಯುತ್ತವೆ.

ಇಂತಹ ಅಂಚೆಮನೆಯನ್ನು ನಡೆಸುವವನಿಗೆ ಒಂದಲ್ಲ ಒಂದು ದಿನ ಎದುರಾಗುವ ತೊಡಕೊಂದಿದೆ. ಮೇಜಿನ ಕಂಪ್ಯೂಟರಿನಲ್ಲಿ ಪತ್ರಗಳು ಸರಾಗವಾಗಿ ತೆರೆಯುತ್ತವೆ. ಮೊಬೈಲಿನಲ್ಲಿ ಸಂಪರ್ಕವೇ ಆಗದು. ಆಗ ಸಿಕ್ಕ ಸೆಟ್ಟಿಂಗುಗಳನ್ನೆಲ್ಲ ಬದಲಿಸುತ್ತ ಹೋಗುವುದು ಮನುಷ್ಯಸಹಜ. ಆದರೆ ನಾಡಿ ನೋಡದೆ ಮದ್ದು ಕೊಡುವುದುಂಟೆ? ಇಲ್ಲಿ ನಾಡಿಯೆಂದರೆ ಸರ್ವರ್ ಬರೆದಿಡುವ ದಿನಚರಿ, ಅರ್ಥಾತ್ ಲಾಗ್. ಮೊಬೈಲು ಯತ್ನಿಸಿದ ಗಳಿಗೆಯಲ್ಲಿ ಅದರಲ್ಲಿ ಒಂದು ಸಾಲೂ ಮೂಡದಿದ್ದರೆ ದೋಷ ಬಹುಶಃ ದಾರಿಯಲ್ಲಿದೆ, ಮೂಡಿದ್ದರೆ ಬಾಗಿಲಲ್ಲಿದೆ.

ದಾರಿಯ ಪರೀಕ್ಷೆಗಾಗಿ ಸರ್ವರ್ ಇರುವ ಕಟ್ಟಡದ ವೈ-ಫೈಯಲ್ಲಿ ಒಮ್ಮೆ, ಮೊಬೈಲ್ ಡೇಟಾದಲ್ಲಿ ಒಮ್ಮೆ ಯತ್ನಿಸಬೇಕು. ವೈ-ಫೈಯಲ್ಲಿ ಮಾತ್ರ ನಡೆದರೆ, ಪತ್ರ ಓದುವ 993ನೆಯ ಪೋರ್ಟ್ ಮತ್ತು ಕಳುಹಿಸುವ 587ನೆಯ ಪೋರ್ಟ್ ರೂಟರಿನಲ್ಲಿ ಹೊರಗಿನವರಿಗೆ ತೆರೆದಿವೆಯೇ ಎಂದು ನೋಡಬೇಕು. ಇಂಟರ್ನೆಟ್ ಒದಗಿಸುವ ಕಂಪನಿ ಒಂದೇ ವಿಳಾಸವನ್ನು ಹಲವು ಗಿರಾಕಿಗಳಿಗೆ ಹಂಚಿದ್ದರೆ, ಪ್ರತ್ಯೇಕ ವಿಳಾಸವನ್ನು ಕೇಳಿ ಪಡೆಯಬೇಕು. ಹೊರಗೆ ನಡೆದು ಒಳಗೆ ನಿಂತರೆ, ತನ್ನದೇ ಹೊರವಿಳಾಸಕ್ಕೆ ಒಳಗಿನಿಂದ ಬಂದ ಕರೆಯನ್ನು ರೂಟರು ಹಿಂದಿರುಗಿಸದೆ ಇರಬಹುದು. ಕಟ್ಟಡದೊಳಗೆ ಸರ್ವರ್‌ನ ಹೆಸರು ಒಳವಿಳಾಸವನ್ನೇ ತೋರುವಂತೆ ಮಾಡಿದರೆ ಆ ತೊಡಕು ನೀಗುತ್ತದೆ.

ಬಾಗಿಲಿನ ತಕರಾರು ಹಲವು ವೇಳೆ ಸರ್ಟಿಫಿಕೇಟಿನದು. ಸರ್ವರ್ ತನ್ನ ಗುರುತಿಗಾಗಿ ತೋರಿಸುವ ಪ್ರಮಾಣವದು. ಅದರ ಅವಧಿ ತೀರಿರಬಹುದು; ಮೊಬೈಲಿನಲ್ಲಿ ಬರೆದ ಹೆಸರು ಅದರಲ್ಲಿ ಇಲ್ಲದಿರಬಹುದು. ಇನ್ನೊಂದು ಸೂಕ್ಷ್ಮವೂ ಉಂಟು. ಆ ಪ್ರಮಾಣಕ್ಕೆ ಸಹಿ ಮಾಡಿದ ಸಂಸ್ಥೆಗೂ ಮೇಲಿನ ಸಹಿಯೊಂದು ಬೇಕು. ಈ ನಡುವಿನ ಸರ್ಟಿಫಿಕೇಟನ್ನು ಸರ್ವರ್ ಜೊತೆಗೆ ಕಳುಹಿಸದಿದ್ದರೆ ಕೆಲವು ಕಂಪ್ಯೂಟರುಗಳು ತಾವೇ ಹುಡುಕಿಕೊಳ್ಳುತ್ತವೆ. ಆಂಡ್ರಾಯ್ಡ್ ಮೊಬೈಲುಗಳು ಸಾಮಾನ್ಯವಾಗಿ ಹುಡುಕುವುದಿಲ್ಲ. ಇಡೀ ಸರಪಳಿಯನ್ನು ಸರ್ವರ್‌ನಲ್ಲಿರಿಸಿದರೆ ಮೊಬೈಲು ಒಪ್ಪುತ್ತದೆ.

ಪ್ರಲೋಭನೆ ಒಡ್ಡುವ ಸ್ಥಳವೂ ಇದೇ. ಎಲ್ಲ ಸರ್ಟಿಫಿಕೇಟುಗಳನ್ನೂ ಪರೀಕ್ಷಿಸದೆ ಒಪ್ಪುವ ಆಯ್ಕೆ ಕೆಲವು ಮೊಬೈಲ್ ತಂತ್ರಾಂಶಗಳಲ್ಲಿದೆ. ಅದನ್ನು ಒತ್ತಿದೊಡನೆ ಪತ್ರಗಳೇನೋ ಬರುತ್ತವೆ. ಆದರೆ ಅಂದಿನಿಂದ ದಾರಿಯಲ್ಲಿ ನಿಂತ ವಂಚಕನೂ ತಾನೇ ಸರ್ವರ್ ಎಂದು ನಟಿಸಿ ಪಾಸ್‌ವರ್ಡನ್ನು ಕಸಿಯಬಲ್ಲ. ಶಾಲೆಯೊಂದರ ಪತ್ರಗಳಲ್ಲಿ ಮಕ್ಕಳ ವಿವರ, ಪೋಷಕರ ಅಳಲು, ದಾನಿಗಳ ಲೆಕ್ಕ ಎಲ್ಲವೂ ಇರುತ್ತವೆ. ಅರ್ಧ ದಿನದ ಬೇಸರವನ್ನು ತಪ್ಪಿಸಿಕೊಳ್ಳಲು ಅವನ್ನೆಲ್ಲ ಒತ್ತೆಯಿಟ್ಟರೆ ಸ್ವಂತದ ಅಂಚೆಮನೆ ಕಟ್ಟಿದ ಉದ್ದೇಶವೇ ಮಣ್ಣುಪಾಲು.

ಶರಣರ ದೃಷ್ಟಿಯಲ್ಲಿ ಕಾಯಕಕ್ಕೆ ಶುದ್ಧಿಯೇ ಮೊದಲು. ಸರ್ವರನ್ನು ಕಾಯುವುದೂ ಒಂದು ಕಾಯಕವೇ. ಒಳಗೆ ಬಿಡೆನೆಂದು ಹಟ ಹಿಡಿದ ಮೊಬೈಲು ಆ ಗಳಿಗೆಯಲ್ಲಿ ಕಾವಲುಗಾರನಾಗಿರುತ್ತದೆ. ಅದರ ಬಾಯಿ ಮುಚ್ಚಿಸುವ ಮುನ್ನ ಅದು ಹೇಳುವುದನ್ನು ಸಹನೆಯಿಂದ ಕೇಳುವುದು ಆ ಕಾಯಕ ಹಿಡಿದವನ ಧರ್ಮ.